ತೋಳನ ಪಾಲು

ಅಮೆರಿಕದ ಮಿಲ್ ಕ್ರೀಕಿನ ಆ ಬೀದಿಯಲ್ಲಿ ಎಲ್ಲರಿಗಿಂತ ಮೊದಲು ಹಿತ್ತಲ ಬಾಗಿಲು ತೆರೆಯುವವರು ಚಿಕ್ಕತಾಯಮ್ಮ. ಕಾಫಿಗೆ ನೀರಿಡುವ ಮುನ್ನ ದೇವರ ಗೂಡಿನಲ್ಲಿರುವ ಬೀರಪ್ಪನ ಪಟಕ್ಕೆ ಕೈಮುಗಿದು, ಪಕ್ಕದ ಗೂಟಕ್ಕೆ ನೇತುಹಾಕಿದ ಹಳೆಯ ಚೀಲದಿಂದ ಒಂದು ಚಿಟಿಕೆ ಭಂಡಾರ ತೆಗೆದುಕೊಳ್ಳುತ್ತಾರೆ. ನೋಡಿದರೆ ಅರಿಸಿನದ ಪುಡಿಯೇ. ದೇವರ ಹೆಸರು ಹೇಳಿ ಮುಟ್ಟಿದರೆ ಅದು ಭಂಡಾರ. ಅವರ ಕಡೆಯವರೆಲ್ಲ ಅದನ್ನು ಹಣೆ ತುಂಬ ಬಳಿದುಕೊಳ್ಳುತ್ತಾರೆ. ಚಿಕ್ಕತಾಯಮ್ಮ ಹಚ್ಚಿಕೊಳ್ಳುವುದಿಲ್ಲ. ಹಿತ್ತಲ ಬೇಲಿಯವರೆಗೆ ನಡೆದು, ಆಚೆಗಿರುವ ಹುಲ್ಲುಬಯಲಿಗೆ ಅದನ್ನು ಉದುರಿಸಿ ಬಿಡುತ್ತಾರೆ. ಆಮೇಲೆ ಕೊಳಾಯಿಯಡಿ ಮೂರು ಸಲ ಕೈ ತೊಳೆಯುತ್ತಾರೆ. ಮಳೆಯಿರಲಿ, ಹಿಮ ಬಿದ್ದಿರಲಿ, ಹನ್ನೆರಡು ವರ್ಷದಲ್ಲಿ ಒಂದು ದಿನವೂ ಇದು ತಪ್ಪಿಲ್ಲ.

ಬೇಲಿಯಾಚೆ ಈಗ ನಲವತ್ತು ಸೇಬಿನ ಗಿಡಗಳು ಕಾಣುತ್ತವೆ. ಒಂದೊಂದರ ಬುಡಕ್ಕೂ ತಂತಿಬಲೆಯ ಸುತ್ತು. ಹೊಸಬರು ಯಾರಾದರೂ ಬಂದರೆ, ಗಿಡಗಳಿಗೆ ಲಂಗ ತೊಡಿಸಿದವರು ಯಾರು ಎಂದು ಕೇಳುತ್ತಾರೆ. ಆ ಲಂಗದ ಕತೆ ಹೇಳಬೇಕಾದರೆ ಮೊದಲು ಚಿಕ್ಕತಾಯಮ್ಮನ ಕತೆ ಹೇಳಬೇಕು.

ಅವರು ಹುಟ್ಟಿದ್ದು ಅರಸೀಕೆರೆ ಸೀಮೆಯ ಒಂದು ಕುರುಬರ ಹಟ್ಟಿಯಲ್ಲಿ. ಹಟ್ಟಿಯ ಮುಂದೆ ಕಾವಲು. ಹಿಂದೆ ಅರಸರ ದನಗಳಿಗೆಂದು ಬಿಟ್ಟಿದ್ದ ಹುಲ್ಲುಗಾವಲು ಅದು. ಕಣ್ಣು ಸೋಲುವವರೆಗೂ ಹುಲ್ಲು, ನಡುವೆ ಅಲ್ಲೊಂದು ಇಲ್ಲೊಂದು ಬನ್ನಿ ಮರ. ಮುಂಗಾರಿನ ಮೊದಲ ಹನಿ ಬಿದ್ದ ದಿನ ಮಣ್ಣಿಗಿಂತ ಮೊದಲು ಹುಲ್ಲಿನ ಬೇರು ವಾಸನೆ ಬಿಡುತ್ತಿತ್ತು ಎಂದು ಚಿಕ್ಕತಾಯಮ್ಮ ಈಗಲೂ ಹೇಳುತ್ತಾರೆ. ನೆಲಗುಬ್ಬಿಗಳು ನೆಟ್ಟಗೆ ಮೇಲಕ್ಕೇರಿ ಹಾಡುತ್ತ ಕಲ್ಲಿನಂತೆ ಕೆಳಗೆ ಬೀಳುತ್ತಿದ್ದವು. ಚಿಗರೆಗಳು ಕುರಿಗಳ ಪಕ್ಕದಲ್ಲೇ ಮೇಯುತ್ತಿದ್ದವು. ಅಪ್ಪ ಕಂಬಳಿ ಕೊಪ್ಪೆ ಹಾಕಿಕೊಂಡು ಮುಂದೆ, ಹುಡುಗಿ ಕದಿರು ತಿರುಗಿಸುತ್ತ ಹಿಂದೆ, ಇಬ್ಬರ ನಡುವೆ ಕುರಿಮಂದೆ, ಮಂದೆಯ ಸುತ್ತ ಬೂದ. ಬೂದ ಅವರ ನಾಯಿ. ಒಂದು ಕಿವಿ ಹರಿದಿತ್ತು. ಹುಡುಗಿ ತಿನ್ನುವ ರೊಟ್ಟಿಯಲ್ಲಿ ಅರ್ಧ ಅವನದೇ.

ಕಾವಲಿನಲ್ಲಿ ತೋಳಗಳೂ ಇದ್ದವು. ಆ ಹಟ್ಟಿಯಲ್ಲಿ ಅದಕ್ಕೊಂದು ಪದ್ಧತಿ ಇತ್ತು. ತೋಳ ಕುರಿಮರಿಯೊಂದನ್ನು ಮುರಿದು ಹಾಕಿದರೆ, ಕುರುಬ ಅದನ್ನು ಕಿತ್ತುಕೊಂಡು ಬರುತ್ತಿರಲಿಲ್ಲ. ಮೇಲೆ ಒಂದು ಚಿಟಿಕೆ ಭಂಡಾರ ಹಾಕಿ ಅಲ್ಲೇ ಬಿಟ್ಟು ಬರುತ್ತಿದ್ದ. ಅದು ತೋಳನ ಪಾಲು. ಭಂಡಾರ ಬಿದ್ದದ್ದನ್ನು ಯಾರೂ ಮುಟ್ಟುತ್ತಿರಲಿಲ್ಲ. ಕುರಿ ಕೊಟ್ಟವನೂ ಬೀರಪ್ಪ, ತೋಳಕ್ಕೆ ಹಸಿವು ಕೊಟ್ಟವನೂ ಬೀರಪ್ಪ, ನಡುವೆ ನಾವ್ಯಾರು ಎಂದು ಅಜ್ಜಿ ಹೇಳುತ್ತಿದ್ದಳಂತೆ.

ಚಿಕ್ಕತಾಯಮ್ಮ ಬೆಳೆದು, ತಿಪಟೂರಿಗೆ ಮದುವೆಯಾಗಿ ಹೋದರು. ಗಂಡ ಕಂಬಳಿ ಮಾರುತ್ತಿದ್ದರು. ಅವರು ತೀರಿಕೊಂಡ ಮೇಲೆ ಚಿಕ್ಕತಾಯಮ್ಮ ಶಾಲೆಯಲ್ಲಿ ಬಿಸಿಯೂಟ ಬೇಯಿಸಿ ಮಗಳು ಪ್ರತಿಭಾಳನ್ನು ಓದಿಸಿದರು. ಪ್ರತಿಭಾ ಈಗ ಮಿಲ್ ಕ್ರೀಕಿಗೆ ಹತ್ತಿರದ ರೆಡ್ಮಂಡಿನಲ್ಲಿ ಕೆಲಸದಲ್ಲಿದ್ದಾಳೆ. ಮೊಮ್ಮಗಳು ಹುಟ್ಟಿದಾಗ ಬಾಣಂತನಕ್ಕೆಂದು ಬಂದ ಚಿಕ್ಕತಾಯಮ್ಮ ಇಲ್ಲೇ ಉಳಿದರು. ಇಲ್ಲಿಗೆ ಒಗ್ಗಿಕೊಂಡಿರಾ ಎಂದು ಯಾರಾದರೂ ಕೇಳಿದರೆ ಹಿತ್ತಲ ಕಡೆ ಕೈ ತೋರಿಸುತ್ತಾರೆ. ಆ ಬಯಲನ್ನು ಅವರು ಕರೆಯುವುದೇ ಕಾವಲು ಎಂದು. ಸೊಂಟದೆತ್ತರ ಹುಲ್ಲು, ಅದರಾಚೆ ದೇವದಾರುವಿನಂಥ ಮರಗಳ ಸಾಲು. ಸಂಜೆಯಾದರೆ ಬಯಲಿನಲ್ಲಿ ಒಂದು ಪ್ರಾಣಿ ಹಾದುಹೋಗುತ್ತದೆ. ಅದಕ್ಕೆ ಕಯೋಟಿ ಎನ್ನುತ್ತಾರೆ ಎಂದು ಅಳಿಯ ಸುನಿಲ್ ಹೇಳಿಕೊಟ್ಟಿದ್ದ. ತೋಳಕ್ಕಿಂತ ಚಿಕ್ಕದು, ನರಿಗಿಂತ ದೊಡ್ಡದು. ಚಿಕ್ಕತಾಯಮ್ಮ ಎರಡೂ ಕಡೆಯವರಿಗೆ ಬೇಸರವಾಗದಂತೆ ಅದನ್ನು ‘ತೋಳನ ಭಾವಮೈದ’ ಎಂದು ಕರೆದರು. ಆ ಹೆಸರೇ ಮನೆಯಲ್ಲಿ ನಿಂತಿತು.

ಹೋದ ವರ್ಷದ ಚಳಿಗಾಲದಲ್ಲಿ ಬಯಲಿಗೆ ಕಷ್ಟ ಬಂತು. ಅಲ್ಲಿನ ಮನೆಗಳ ಸಂಘಕ್ಕೆ ತುಮಕೂರಿನ ರಮೇಶ್ ಅಧ್ಯಕ್ಷ. ಬೀದಿಯ ಮಕ್ಕಳನ್ನೆಲ್ಲ ಸೇರಿಸಿಕೊಂಡು ಬಯಲಿನ ಅಂಚಿಗೆ ಸೇಬಿನ ಗಿಡ ನೆಡಿಸಿದ್ದವನು ಅವನೇ. ಹಿಮ ಕರಗಿದಾಗ ನೋಡಿದರೆ ಎಷ್ಟೋ ಗಿಡಗಳ ಬುಡದ ತೊಗಟೆ ಉಂಗುರದಂತೆ ಕಡಿದು ಹೋಗಿತ್ತು. ಮೋಟು ಬಾಲದ ಹುಲ್ಲಿಲಿಗಳ ಕೆಲಸ. ಹಿಮದ ಅಡಿಯಲ್ಲೇ ದಾರಿ ಮಾಡಿಕೊಂಡು ಬಂದು ತಿಂದಿದ್ದವು. ಒಣಗಿದ ಗಿಡಗಳ ಮುಂದೆ ಮಕ್ಕಳು ಅತ್ತರು. ಬಯಲಿನ ಉದ್ದಕ್ಕೂ ವಿಷದ ಪೆಟ್ಟಿಗೆ ಇಡಿಸುವುದೆಂದು ಸಂಘದಿಂದ ಕಾಗದ ಬಂತು.

ಅದೇ ವಾರ ಬೇಲಿಯ ಬುಡದಲ್ಲಿ ಒಂದು ಗೂಬೆ ಸತ್ತು ಬಿದ್ದಿತ್ತು. ಕೊಕ್ಕಿನ ತುದಿಯಲ್ಲಿ ಸ್ವಲ್ಪ ರಕ್ತ. ಕಿಟಕಿ ಗಾಜಿಗೆ ಬಡಿದಿರಬೇಕು ಎಂದಳು ಪ್ರತಿಭಾ. ಯಾರೋ ತಮ್ಮ ಹಿತ್ತಲಿಗೆ ಆಗಲೇ ಇಲಿಪಾಷಾಣ ಹಾಕಿರಬಹುದು ಎಂದ ಸುನಿಲ್. ಅದು ಯಾಕೆ ಸತ್ತಿತೆಂದು ಕೊನೆಗೂ ಯಾರಿಗೂ ಗೊತ್ತಾಗಲಿಲ್ಲ. ಚಿಕ್ಕತಾಯಮ್ಮ ಅದನ್ನು ಪೇಪರಿನಲ್ಲಿ ಸುತ್ತಿ ಎತ್ತಿಕೊಂಡಾಗ ಮಗಳು ತಡೆದಳು. ಗೂಬೆ ಅಪಶಕುನ, ಒಳಗೆ ತರಬೇಡ ಎಂದಳು.

“ಬದುಕಿರೋ ಗೂಬೆ ಅಪಶಕುನ ಅಂತಾರೆ. ಸತ್ತಿರೋದಕ್ಕಿಂತ ಅಪಶಕುನ ಯಾವ್ದೈತೆ?” ಎಂದು ಚಿಕ್ಕತಾಯಮ್ಮ ಕೈಯಲ್ಲೇ ಗುಂಡಿ ತೋಡಿದರು. ಸಂಜೆ ಊಟಕ್ಕೆ ಕೂತಾಗ, ಸಂಘದ ಮೀಟಿಂಗಿಗೆ ತಾನು ಬರುತ್ತೇನೆ ಎಂದರು.

ಪ್ರತಿಭಾಗೆ ಮುಜುಗರ. ರಮೇಶ್ ಮನೆಯವರಂತೆಯೇ ಇದ್ದವನು. ಅವಳ ಹೆರಿಗೆಯ ದಿನ ಸುನಿಲ್ ಊರಲ್ಲಿರದಿದ್ದಾಗ ಆಸ್ಪತ್ರೆಗೆ ಕಾರು ಓಡಿಸಿದವನು. “ಅಮ್ಮ, ಇಲಿಗೂ ವಕೀಲರನ್ನ ಇಡ್ಬೇಕು ಅಂತೀಯಾ?” ಎಂದು ನಗಿಸಲು ನೋಡಿದಳು. ಚಿಕ್ಕತಾಯಮ್ಮ ನಗಲಿಲ್ಲ. ನೀನು ಇಂಗ್ಲಿಷಿನಲ್ಲಿ ಹೇಳು, ನಾನು ಕನ್ನಡದಲ್ಲಿ ಹೇಳುತ್ತೇನೆ, ಅಷ್ಟೇ ಕೆಲಸ ಎಂದರು.

ಮೀಟಿಂಗಿನಲ್ಲಿ ಇಲಿ ಔಷಧಿ ಕಂಪನಿಯವನು ಕಪ್ಪು ಪ್ಲಾಸ್ಟಿಕ್ ಪೆಟ್ಟಿಗೆಯೊಂದನ್ನು ಮೇಜಿನ ಮೇಲಿಟ್ಟು ವಿವರಿಸಿದ. ಒಳಗೆ ಹಸಿರು ಸೋಪಿನ ಬಿಲ್ಲೆಯಂಥದ್ದು. ಬಾಯಿ ಚಿಕ್ಕದು, ಇಲಿ ಬಿಟ್ಟರೆ ಬೇರೆ ಯಾವುದೂ ಒಳಗೆ ಹೋಗುವುದಿಲ್ಲ, ಮಕ್ಕಳಿಗೂ ನಾಯಿಗಳಿಗೂ ಭಯವಿಲ್ಲ ಎಂದ. ಚಿಕ್ಕತಾಯಮ್ಮ ಕೈಯೆತ್ತಿದರು. ಇಲಿ ಒಳಗೇ ಸಾಯುತ್ತದೋ, ಹೊರಗೆ ಬರುತ್ತದೋ ಎಂದು ಮಗಳಿಂದ ಕೇಳಿಸಿದರು. ಅವನು ಪ್ರಾಮಾಣಿಕ. ಹೊರಗೆ ಬರುತ್ತದೆ, ಸಾಯಲು ಕೆಲವು ದಿನ ಹಿಡಿಯುತ್ತದೆ ಎಂದ.

“ಆ ದಿನಗಳಲ್ಲಿ ಅದು ಯಾರ ಬಾಯಿಗೆ ಬೀಳ್ತೈತೆ, ಕೇಳು,” ಎಂದರು ಚಿಕ್ಕತಾಯಮ್ಮ ಮಗಳಿಗೆ.

ಪ್ರತಿಭಾ ಅದನ್ನು ಇಂಗ್ಲಿಷಿನಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಅವರು ಎದ್ದು ನಿಂತು ತಮ್ಮ ಕತೆ ಶುರುಮಾಡಿದರು. ಒಂದು ಮಾತು ಅವರದು, ಒಂದು ಮಾತು ಪ್ರತಿಭಾಳದು. ಕಾವಲು, ಕುರಿ, ತೋಳನ ಪಾಲು. ಅಲ್ಲಿಯವರೆಗೂ ಪ್ರತಿಭಾ ಸರಾಗವಾಗಿ ಹೇಳಿದಳು. ಅದೆಲ್ಲ ಅವಳು ಬಾಲ್ಯದಿಂದ ಕೇಳಿದ್ದೇ. ಮುಂದಿನದನ್ನು ಅವಳು ಕೇಳಿರಲಿಲ್ಲ.

ಹುಡುಗಿಗೆ ಒಂಬತ್ತು ವರ್ಷವಾಗಿದ್ದಾಗ ಒಂದು ಬೇಸಿಗೆಯಲ್ಲಿ ತೋಳ ಮೂರು ಕುರಿಮರಿ ಮುರಿಯಿತು. ಸೋದರಮಾವ ಹತ್ತಿ ಹೊಲದಿಂದ ಹುಳುವಿಗೆ ಹೊಡೆಯುವ ಒಂದು ಸೀಸೆ ಎಂಡ್ರಿನ್ ವಿಷ ತಂದುಕೊಟ್ಟ. ಅಪ್ಪ ಎರಡು ದಿನ ಅದನ್ನು ಮುಟ್ಟಲಿಲ್ಲ. ಮೂರನೆಯ ದಿನ, ಸತ್ತು ಬಿದ್ದ ಮೂರನೆಯ ಮರಿಯ ಹೊಟ್ಟೆಯೊಳಗೆ ಸುರಿದ. ಹಟ್ಟಿಯಿಂದ ದೂರ, ಬನ್ನಿ ಮರದ ಆಚೆಗೆ ಒಯ್ದು ಹಾಕಿದ. ಯಾರಾದರೂ ಬಡವರು ಮಾಂಸವೆಂದು ಎತ್ತಿಕೊಂಡು ಹೋದರೆ ಏನು ಗತಿ ಎಂದು ಅವನಿಗೆ ಹೆದರಿಕೆ. ಅದಕ್ಕೆ ಭಂಡಾರ ಹಾಕಬೇಕಿತ್ತು. ಆದರೆ ವಿಷದ ಮೇಲೆ ದೇವರ ಗುರುತು ಹಾಕಲು ಅವನ ಕೈ ಏಳಲಿಲ್ಲ. ಚೀಲವನ್ನು ಮಗಳಿಗೆ ಕೊಟ್ಟು, ನೀನು ಹಾಕು ಎಂದ.

“ಹಾಕಿದ್ದು ನಾನೇ,” ಎಂದರು ಚಿಕ್ಕತಾಯಮ್ಮ.

ಪ್ರತಿಭಾಳ ಅನುವಾದ ಅಲ್ಲಿಗೆ ನಿಂತಿತು. ಇಡೀ ಕೋಣೆ ಅವಳ ಮುಖ ನೋಡುತ್ತಿತ್ತು. ಅವಳು ಅಮ್ಮನ ಬಲಗೈ ನೋಡುತ್ತಿದ್ದಳು. ದಿನಾ ಬೆಳಿಗ್ಗೆ ಮೂರು ಸಲ ತೊಳೆಯುವ ಕೈ ಅದು.

“ಹೇಳವ್ವ. ಇದ್ದದ್ದು ಇದ್ದಂಗೆ ಹೇಳ್ಬಿಡು.”

ಅವಳು ಹೇಳಿದಳು. ಆಮೇಲಿನದೂ ಹೇಳಿದಳು. ಬೆಳಗಾದಾಗ ಬನ್ನಿ ಮರದ ಸುತ್ತ ಹಾಲೂಡುತ್ತಿದ್ದ ಹೆಣ್ಣು ತೋಳ, ಎರಡು ಗುಳ್ಳೆನರಿ, ರೆಕ್ಕೆ ಹರಡಿಕೊಂಡು ಬಿದ್ದ ರಣಹದ್ದುಗಳು. ಸ್ವಲ್ಪ ದೂರದಲ್ಲಿ, ಹಟ್ಟಿಯ ದಾರಿಯಲ್ಲೇ, ಮನೆ ಕಡೆ ಮುಖ ಮಾಡಿಕೊಂಡು ಬೂದ. ನಾಲ್ಕು ದಿನ ಪೊದೆಯೊಳಗೆ ತೋಳದ ಮರಿಗಳು ಕುಂಯ್‌ಗುಟ್ಟಿದವು. ಐದನೆಯ ದಿನ ಸುಮ್ಮನಾದವು. ಆ ವರ್ಷದ ನಂತರ ಆ ಹಟ್ಟಿಯ ಮೇಲೆ ರಣಹದ್ದು ಸುತ್ತಿದ್ದನ್ನು ಚಿಕ್ಕತಾಯಮ್ಮ ನೋಡಲಿಲ್ಲ. ಅಪ್ಪ ಮತ್ತೆ ಭಂಡಾರದ ಚೀಲ ಹೆಗಲಿಗೆ ಹಾಕಲಿಲ್ಲ. ಮಗಳ ಮದುವೆಯ ದಿನ ಅದನ್ನು ಅವಳ ಮಡಿಲಿಗಿಟ್ಟು, ನಿನ್ನ ಕೈಲಿ ಮಾಡಿಸಬಾರದಿತ್ತು ಎಂದ. ಅದರ ಬಗ್ಗೆ ಅವನಾಡಿದ ಮಾತು ಅದೊಂದೇ.

ಆಮೇಲೆ ಯಾರೋ, ಕತೆ ದುಃಖದ್ದು, ಆದರೆ ಗಿಡಗಳಿಗೆ ದಾರಿಯೇನು ಎಂದು ಕೇಳಿದರು. ಚಿಕ್ಕತಾಯಮ್ಮನ ಹಿತ್ತಲಿಗೆ ಹತ್ತಿರದ ಎರಡು ಗಿಡ ನೋಡಿ ಬನ್ನಿ ಎಂದಳು ಪ್ರತಿಭಾ. ಹಟ್ಟಿಯಲ್ಲಿ ಎಳೆ ಗಿಡಕ್ಕೆ ಮುಳ್ಳು ಸುತ್ತುತ್ತಿದ್ದ ಹಾಗೆ, ಆ ಎರಡಕ್ಕೆ ಅವರು ಹಿಂದಿನ ವರ್ಷವೇ ಸುನಿಲ್ ತಂದ ಸಣ್ಣ ಕಣ್ಣಿನ ತಂತಿಬಲೆ ಸುತ್ತಿ, ಒಂದು ಗೇಣು ಮಣ್ಣಿನೊಳಕ್ಕೂ ಇಳಿಸಿದ್ದರು. ಆ ಎರಡರ ತೊಗಟೆಯನ್ನು ಇಲಿ ಮುಟ್ಟಿರಲಿಲ್ಲ. ಆಗ ರಮೇಶ್, “ಗಿಡಕ್ಕೆ ಲಂಗ ಹೊಲಿಸಿದೀರಲ್ಲಮ್ಮ,” ಎಂದು ನಕ್ಕು ಹೋಗಿದ್ದ. ಈಗ ನಗಲಿಲ್ಲ. ಹೊಸದಾಗಿ ನೆಡುವುದೂ ಸೇರಿ ನಲವತ್ತು ಗಿಡಕ್ಕೆ ಮಣ್ಣು ಅಗೆದು ಬಲೆ ಹೂಳುವವರು ಯಾರು ಎಂದಷ್ಟೇ ಕೇಳಿದ. ಸಂಘದ ಸಮಿತಿಯಲ್ಲಿದ್ದ ಮೂವರಲ್ಲಿ ಒಬ್ಬರು ಪೆಟ್ಟಿಗೆ ಇಡಿ ಎಂದರು, ಒಬ್ಬರು ಬೇಡ ಎಂದರು. ಕೊನೆಯ ಮಾತು ರಮೇಶನದು. ಭಾನುವಾರದೊಳಗೆ ಹೇಳುತ್ತೇನೆ ಎಂದ.

ಭಾನುವಾರದವರೆಗಿನ ಆ ಮೂರು ದಿನ ಪ್ರತಿಭಾ ಅಮ್ಮನನ್ನು ಹೆಚ್ಚೇನೂ ಕೇಳಲಿಲ್ಲ. ಬೆಳಿಗ್ಗೆ ಮಾತ್ರ ಬೇಗ ಎದ್ದು, ಅಮ್ಮ ಬೇಲಿಯಿಂದ ಹಿಂದಿರುಗುವಾಗ ಕೊಳಾಯಿ ತಿರುಗಿಸಿ ನಿಂತಿರುತ್ತಿದ್ದಳು.

ಭಾನುವಾರ ಸಂಜೆ ರಮೇಶ್ ಬಂದ. ಕೈಯಲ್ಲಿ ಬಯಲಿನ ನಕ್ಷೆ. ಪೆಟ್ಟಿಗೆ ಇಡುವ ಜಾಗಗಳಿಗೆಲ್ಲ ಕೆಂಪು ಚೌಕ ಹಾಕಿತ್ತು. ಚಿಕ್ಕತಾಯಮ್ಮ ಕೊಟ್ಟ ಕಾಫಿಯನ್ನು ಕೆಳಗಿಟ್ಟು, ಅವರ ಹಿತ್ತಲ ಹಿಂದಿನ ನಾಲ್ಕು ಚೌಕಗಳ ಮೇಲೆ ಬೆರಳಿಟ್ಟ.

“ಅಮ್ಮ, ನನಗೂ ಮೂರು ದಿನದಿಂದ ಮನಸ್ಸು ಸರಿಯಿಲ್ಲ. ಒಂದ್ ಕೆಲಸ ಮಾಡ್ತೀನಿ. ನಿಮ್ಮ ಮನೆ ಹಿಂದೆ ಈ ನಾಲ್ಕು ಇಡಿಸಲ್ಲ. ಯಾರಿಗೂ ಹೇಳೋದೂ ಬೇಡ. ನಿಮ್ಮ ಪೂಜೆಗೆ ಏನೂ ಅಡ್ಡಿ ಆಗಬಾರದು, ಅಷ್ಟೇ.”

ಅವನು ಮನಸ್ಸಿನಿಂದಲೇ ಹೇಳುತ್ತಿದ್ದ. ಅದು ಚಿಕ್ಕತಾಯಮ್ಮನಿಗೂ ಗೊತ್ತಾಯಿತು. ಪ್ರತಿಭಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅಮ್ಮ ಒಪ್ಪಿಕೊಂಡರೆ ಜಗಳವಿಲ್ಲದೆ ಮುಗಿಯುತ್ತಿತ್ತು. ಆದರೆ ಒಪ್ಪಿಕೊಳ್ಳಲಿ ಎಂದು ಅವಳಿಗೂ ಅನ್ನಿಸಲಿಲ್ಲ.

ಚಿಕ್ಕತಾಯಮ್ಮ ಕನ್ನಡಕ ಹಾಕಿಕೊಂಡು ನಕ್ಷೆಯನ್ನು ತುಂಬ ಹೊತ್ತು ನೋಡಿದರು. ಒಂದು ಚೌಕದಿಂದ ಇನ್ನೊಂದಕ್ಕೆ ಬೆರಳು ನಡೆಸಿದರು.

“ಬ್ಯಾಡ ಕಣಪ್ಪ,” ಎಂದರು. “ನಿನ್ನ ಮನಸ್ಸು ದೊಡ್ಡದು. ಆದ್ರೆ ಇದು ನನ್ನ ಕಣ್ಣಿಗೆ ಮಾಡೋ ಉಪಕಾರ, ಆ ಜೀವಗಳಿಗಲ್ಲ. ನಮ್ಮಪ್ಪನೂ ಅವತ್ತು ಮನೆಯಿಂದ ದೂರಾನೇ ಇಟ್ಟಿದ್ದ. ಬೂದ ಅಲ್ಲಿಗೇ ನಡ್ಕೊಂಡು ಹೋದ.”

ರಮೇಶ್ ನಕ್ಷೆಯ ಮೇಲಿನ ಬೆರಳು ತೆಗೆದ.

“ಗಿಡಕ್ಕೆ ಬಲೆ ಹೂಳೋರು ಯಾರು ಅಂದ್ಯಲ್ಲ, ನಾಳೆಯಿಂದ ನಾನು ಬತ್ತೀನಿ, ಇವಳೂ ಬತ್ತಾಳೆ,” ಎಂದು ಚಿಕ್ಕತಾಯಮ್ಮ ನಕ್ಷೆಯನ್ನು ಅವನ ಕಡೆಗೇ ಸರಿಸಿದರು. “ಅದೂ ಬ್ಯಾಡ, ಪೆಟ್ಟಿಗೆಯೇ ಇಡ್ತೀನಿ ಅಂದ್ರೆ, ಮೊದಲನೇದು ನಮ್ಮನೆ ಹಿಂದೇನೇ ಇಡ್ಸು. ಬಿಡೋದಾದ್ರೆ ಎಲ್ಲಾನೂ ಬಿಡು. ನಮಗೊಬ್ರಿಗೇ ಅಂತ ನಾಲ್ಕು ಬಿಡೋದು ಬ್ಯಾಡ. ಕಾಫಿ ಆರಿಹೋಗ್ತೈತೆ, ಕುಡಿ.”