ನೀರಿಲ್ಲದ ಮೂರು ಎಳನೀರು

ದೇವರು ಅಡ್ಡ ಬಂದ, ಗಾಳಿ ಮೆಟ್ಟಿತು ಎಂದು ಯಾರಾದರೂ ಹೇಳಿದರೆ ನಾನು ನಕ್ಕುಬಿಡುತ್ತಿದ್ದೆ. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ನಡೆದದ್ದು ಹೇಳುತ್ತೇನೆ, ನೀವೇ ನೋಡಿ.

ನಾನು ಮಾಯಸಂದ್ರದ ಕಡೆ ತೆಂಗಿನಮರ ಹತ್ತುವವನು. ಓದಿದ್ದು ಆರನೇ ಕ್ಲಾಸು. ಎರಡು ವರ್ಷದ ಹಿಂದೆ ನನ್ನ ಅಕ್ಕನಿಗೆ ಕೈಕಾಲು ಸ್ವಾಧೀನ ತಪ್ಪಿತು. ಅವಳ ರಕ್ತವೇ ಅವಳ ನರಗಳನ್ನು ತಿನ್ನುತ್ತಿದೆ ಎಂದರು ಡಾಕ್ಟರು. ತುಮಕೂರಿನಲ್ಲಿ ಐದು ಸಲ ಮಿಷನ್ನಿಗೆ ಹಾಕಿ ರಕ್ತ ಸೋಸಿದರು. ಕೈಕಾಲು ಬಂತು, ಕಿಡ್ನಿ ಸೋತಿತು. ಎಲ್ಲರಿಗೂ ಹೀಗಾಗುವುದಿಲ್ಲ, ಇವಳಿಗೆ ಆಗಿದೆ, ನೀರು ಅಳೆದು ಕೊಡಿ ಎಂದು ಮನೆಗೆ ಕಳಿಸಿದರು. ಊಟದ್ದೂ ಏನೇನೋ ಹೇಳಿದರು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕೂತು ನನ್ನ ತಲೆ ಕೆಟ್ಟಿತ್ತು. ನೀರಿನ ಮಾತೊಂದೇ ಕಿವಿಗೆ ಬಿತ್ತು.

ಮನೆಗೆ ಬಂದ ಎರಡನೇ ದಿನ ಮಧ್ಯಾಹ್ನ ಅಕ್ಕ ಅಂದಳು, “ನಾಲ್ಗೆ ಒಣಗಿ ಚಕ್ಕೆ ಆಗೈತೆ ಕಣ್ಲಾ. ಒಂದ್ ಎಳ್ನೀರು ಕೊಚ್ಚು.”

ನಮ್ಮ ಕಡೆ ಎಳನೀರನ್ನು ಯಾರೂ ನೀರಿನ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಾಯಿಲೆಯವರಿಗೆ ಮೊದಲು ಕೊಡುವುದೇ ಅದು. ಹಿತ್ತಲ ಮರದ ಒಂದೇ ಗೊನೆಯಿಂದ ನಾಲ್ಕು ಇಳಿಸಿದೆ. ಕೈಯಲ್ಲಿ ತೂಗಿದರೆ ಕಾಯಿ ತುಂಬಿದೆಯೋ ಇಲ್ಲವೋ ನನಗೆ ಗೊತ್ತಾಗುತ್ತದೆ. ನಾಲ್ಕೂ ಭಾರವಿದ್ದವು.

ಮೊದಲನೆಯದನ್ನು ಕೊಚ್ಚಿ ಲೋಟಕ್ಕೆ ಬಗ್ಗಿಸಿದೆ. ಒಂದು ಹನಿ ಬೀಳಲಿಲ್ಲ. ಎರಡನೆಯದೂ ಹಾಗೆಯೇ. ಮೂರನೆಯದೂ. ಇಲಿ ಕೊರೆದ ತೂತಿಲ್ಲ, ಬಿರುಕಿಲ್ಲ. ಒಳಗೆ ಎಳೆ ಗಂಜಿ ಹಸಿಯಾಗಿಯೇ ಇತ್ತು.

“ಮರ ಹತ್ತೋನಂತೆ ಮರ ಹತ್ತೋನು! ಬುಡು, ನಿನ್ ಕೈಲಾಗಾಕಿಲ್ಲ,” ಎಂದು ಅಕ್ಕ ಗೋಡೆ ಕಡೆ ತಿರುಗಿ ಮಲಗಿದಳು. ನನಗೂ ಸಾಕಾಗಿತ್ತು. ಮಚ್ಚು ಅಲ್ಲೇ ಬಿಸಾಕಿದೆ.

ಮಾರನೇ ಬೆಳಿಗ್ಗೆ ರಕ್ತ ಪರೀಕ್ಷೆಗೆ ಹೋದೆವು. ರಿಪೋರ್ಟು ನೋಡಿ ಡಾಕ್ಟರಮ್ಮ ಗದರಿಸಿದರು. “ಎಳನೀರೇನಾದ್ರೂ ಕೊಟ್ರೇನ್ರೀ?”

“ಇಲ್ಲ ಮೇಡಂ. ಕೊಡಕ್ ಹೋದೆ, ಕಾಯಲ್ಲಿ ನೀರಿರ್ಲಿಲ್ಲ.”

“ಪೊಟ್ಯಾಸಿಯಂ ಈಗ್ಲೇ ಮಿತಿ ಮೀರಿದೆ. ಎಳನೀರಲ್ಲಿ ತುಂಬಿರೋದೇ ಅದು. ಅದೂ ಸೇರಿದ್ರೆ ಹಾರ್ಟೇ ನಿಂತೋಗ್ತಿತ್ತು.”

ಅಕ್ಕನನ್ನು ಡಯಾಲಿಸಿಸ್‌ಗೆ ಒಳಗೆ ಕರೆದುಕೊಂಡರು. ಬಟ್ಟೆ ತರಲು ನಾನೊಬ್ಬನೇ ಊರಿಗೆ ಬಂದೆ. ನಾಲ್ಕನೇ ಕಾಯಿ ಜಗಲಿಯ ಮೇಲೆ ಇತ್ತು. ಕೊಚ್ಚಿದೆ. ನೀರು ಚಿಮ್ಮಿ ಮೊಣಕೈವರೆಗೆ ಹರಿಯಿತು. ಕುಡಿಯಲು ಮನಸ್ಸಾಗಲಿಲ್ಲ, ಮರದ ಬುಡಕ್ಕೆ ಸುರಿದೆ.

ಅಕ್ಕ ಬದುಕಿದ್ದಾಳೆ. ವಾರಕ್ಕೆರಡು ಸಲ ಬಸ್ಸಿನಲ್ಲಿ ಡಯಾಲಿಸಿಸ್‌ಗೆ ಕರೆದೊಯ್ಯುತ್ತೇನೆ. ಆ ಮರವನ್ನು ಆಮೇಲೆ ಎಷ್ಟೋ ಸಲ ಹತ್ತಿದ್ದೇನೆ. ನೀರಿಲ್ಲದ ಕಾಯಿ ಇನ್ನೊಂದು ಸಿಕ್ಕಿಲ್ಲ. ಹೇಗೆ ಎಂದು ಕೇಳಬೇಡಿ, ನನಗೆ ಗೊತ್ತಿಲ್ಲ. ಆ ಮೂರರ ಭಾರ ಮಾತ್ರ ನನ್ನ ಕೈಗೆ ಇನ್ನೂ ನೆನಪಿದೆ.