ಕಬ್ಬಿಣವಿಲ್ಲದ ಕೀ

ಗಂಡ ಇನ್ನು ಕಾರು ಓಡಿಸಬಾರದು ಎಂದು ಒಬ್ಬ ಹೆಂಗಸು ಕಾರಿನ ಎರಡೂ ಕೀಗಳನ್ನು ತೋಟದ ಬಾವಿಗೆ ಹಾಕಿದಳು. ಮೂರನೆಯದನ್ನು ಮಾಡಿಕೊಟ್ಟವನು ನಾನು. ವಿಷಯ ಇಷ್ಟೇ. ಆದರೆ ಇಷ್ಟು ಹೇಳಿ ಬಾಯಿ ಮುಚ್ಚಿಕೊಂಡರೆ ನಾನು ತಪ್ಪಿಸಿಕೊಂಡ ಹಾಗಾಗುತ್ತದೆ. ಅದಕ್ಕೇ ಬರೆಯಲು ಕುಳಿತಿದ್ದೇನೆ.

ಕಡೂರಿನ ಬಸ್ ಸ್ಟ್ಯಾಂಡ್ ಹತ್ತಿರ ನಮ್ಮದೊಂದು ಬೀಗ ರಿಪೇರಿ ಅಂಗಡಿಯಿದೆ. ಅಪ್ಪನ ಕಾಲದ್ದು. ಅಪ್ಪ ಅರ ಹಿಡಿದು ಕಣ್ಣಳತೆಯಲ್ಲೇ ಕೀ ಉಜ್ಜುತ್ತಿದ್ದ. ಅಂಗಡಿಯ ಬಾಗಿಲ ಪಕ್ಕ ಒಂದು ಮೊಳೆ, ಆ ಮೊಳೆಗೆ ಗೇಣುದ್ದದ ಕಬ್ಬಿಣದ ಬೀಗದ ಕೈ. ಅದು ಯಾವ ಬೀಗದ್ದೂ ಅಲ್ಲ. ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಮೂರ್ಛೆ ಬಂದು ಬಿದ್ದು ಕೈಕಾಲು ಅದುರಿದರೆ ಜನ ಮೊದಲು ಓಡಿ ಬರುತ್ತಿದ್ದದ್ದು ನಮ್ಮ ಅಂಗಡಿಗೆ. ಬಿದ್ದವರ ಮುಷ್ಟಿಯಲ್ಲಿ ಕಬ್ಬಿಣ ಇಟ್ಟರೆ ಫಿಟ್ಸ್ ಇಳಿಯುತ್ತದೆ ಎನ್ನುವುದು ನಮ್ಮ ಕಡೆಯ ನಂಬಿಕೆ. ಅಪ್ಪ ಕೈಯಲ್ಲಿದ್ದ ಕೆಲಸ ಬಿಟ್ಟು ಮೊಳೆಯಿಂದ ಅದನ್ನು ತೆಗೆದುಕೊಡುತ್ತಿದ್ದ. ಕಬ್ಬಿಣಕ್ಕೂ ಫಿಟ್ಸಿಗೂ ಯಾವ ಸಂಬಂಧವೂ ಇಲ್ಲ, ಮಗ್ಗುಲಿಗೆ ಮಲಗಿಸಿ ಗಾಳಿ ಬಿಡಿ ಸಾಕು ಎಂದು ಡಾಕ್ಟರೊಬ್ಬರು ಒಮ್ಮೆ ಅಪ್ಪನನ್ನು ಬೈದೇ ಹೇಳಿದರು. ಅಪ್ಪ ತಲೆಯಾಡಿಸಿದ. ಬೀಗದ ಕೈ ಮಾತ್ರ ಮೊಳೆಯಲ್ಲೇ ಉಳಿಯಿತು. ಅಪ್ಪ ಹೋದ ಮೇಲೂ ಅಲ್ಲೇ ಇದೆ, ದಿನಾ ನನ್ನ ಕಣ್ಣಿಗೆ ಬೀಳುತ್ತದೆ.

ನಾನು ಅಂಗಡಿಯಲ್ಲಿ ಕೂರುವುದು ಕಡಿಮೆ. ಒಂದು ಹಳೆಯ ವ್ಯಾನಿನಲ್ಲಿ ಕೀ ಕತ್ತರಿಸುವ ಮಿಷನ್ನು, ಅದಕ್ಕೊಂದು ಇನ್ವರ್ಟರು, ಪ್ರೋಗ್ರಾಮಿಂಗ್ ಮಾಡುವ ಸ್ಲೇಟಿನಷ್ಟಗಲದ ಇನ್ನೊಂದು ಮಿಷನ್ನು ಇಟ್ಟುಕೊಂಡು ಊರೂರು ತಿರುಗುತ್ತೇನೆ. ಸಖರಾಯಪಟ್ಟಣದಿಂದ ಹಿಡಿದು ಲಕ್ಕವಳ್ಳಿವರೆಗೆ ಯಾರ ಕಾರಿನ ಕೀ ಕಳೆದರೂ ನನಗೇ ಫೋನು. ಈಗಿನ ಕಾರಿನ ಕೀ ಬರೀ ಲೋಹದ ತುಂಡಲ್ಲ. ಅದರ ಪ್ಲಾಸ್ಟಿಕ್ ತಲೆಯೊಳಗೆ ಅಕ್ಕಿಕಾಳಿನಷ್ಟು ಚಿಪ್ಪು ಇರುತ್ತದೆ. ಕಾರಿಗೆ ಆ ಚಿಪ್ಪಿನ ಗುರುತು ಸಿಗದಿದ್ದರೆ ಇಂಜಿನ್ನು ಒಮ್ಮೆ ಕೆಮ್ಮಿ ಸುಮ್ಮನಾಗುತ್ತದೆ. ಸ್ಟೇರಿಂಗ್ ಕೆಳಗೆ ಮಿಷನ್ನು ಸಿಕ್ಕಿಸಿ ಹೊಸ ಕೀಯನ್ನು ಕಾರಿಗೆ ಪರಿಚಯ ಮಾಡಿಸಬೇಕು, ಹಳೆಯ ಕೀಗಳನ್ನು ಅದರ ನೆನಪಿನಿಂದ ಅಳಿಸಬೇಕು. ಮೂರು ತಾಲೂಕಿನಲ್ಲಿ ಈ ಕೆಲಸ ನನ್ನಷ್ಟು ಚೆನ್ನಾಗಿ ಬಲ್ಲವರಿಲ್ಲ ಎಂಬ ಜಂಬ ನನಗಿತ್ತು. ಇನ್ನು ಕೋಪ ಮೂಗಿನ ತುದಿಯಲ್ಲೇ. ಇದು ನಿನ್ನ ಕೈಲಿ ಆಗುತ್ತಾ ಎಂದು ಯಾರಾದರೂ ಅನುಮಾನದಿಂದ ಕೇಳಿದರೆ ಸಾಕು, ಮೈ ಉರಿಯುತ್ತಿತ್ತು.

ಫೋನು ಬಂದದ್ದು ಅಜ್ಜಂಪುರದಿಂದ ತರೀಕೆರೆ ಕಡೆ ಹೋಗುವಾಗ ಸಿಗುವ ಒಂದು ಊರಿನಿಂದ. ಮಧ್ಯಾಹ್ನ ಊಟದ ಹೊತ್ತಿಗೆ ಹೋದೆ. ಮನೆಯ ಯಜಮಾನರು ಕೊಬ್ಬರಿ ವ್ಯಾಪಾರದವರು. ಐವತ್ತು ದಾಟಿರಬಹುದು. ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. ಅಂಗಳದಲ್ಲಿ ಬಿಳಿ ಕಾರು ನಿಂತಿತ್ತು, ಅದರ ಗಾಜಿನ ಮೇಲೆ ಧೂಳು ಕುಳಿತಿತ್ತು. ಮಗಳಿಗೆ ತರೀಕೆರೆಯಲ್ಲಿ ಗಂಡು ಗೊತ್ತಾಗುವ ಹಾಗಿದೆ, ಮಾತಿಗೆ ಕರೆದಿದ್ದಾರೆ, ಗಂಡಿನ ಮನೆಗೆ ಬಸ್ಸಿನಲ್ಲಿ ಹೋಗಿ ಇಳಿದರೆ ಏನಂದುಕೊಂಡಾರು ಎಂದು ಅವರೇ ಹೇಳಿದರು. ಕೀ ಎಲ್ಲಿ ಹೋಯಿತು ಎಂದು ಕೇಳಿದರೆ, ಎರಡೂ ಒಟ್ಟಿಗೇ ಕಾಣೆಯಾದವು ಎಂದರು.

ಒಂದು ಕೀ ಕಳೆಯುತ್ತದೆ. ಎರಡೂ ಒಟ್ಟಿಗೆ ಕಳೆಯುವುದಿಲ್ಲ. ಇದು ನನ್ನ ಕಸುಬಿನ ಮೊದಲ ಪಾಠ. ಅಂಥ ಕಡೆ ಅಣ್ಣತಮ್ಮಂದಿರ ಜಗಳವೋ ಕಳ್ಳತನವೋ ಇರುತ್ತದೆ. ನಾನು ನಗಾಡಿದೆ. "ಜೋಡೀಲಿ ಹೋಗೋಕೆ ಅವೇನು ಗಂಡ ಹೆಂಡ್ತೀನಾ ಯಜಮಾನ್ರೇ?" ಎಂದೆ. ಅವರೂ ಹೊಟ್ಟೆ ಹಿಡಿದು ನಕ್ಕರು. ಬಾಗಿಲ ಹಿಂದೆ ಸೀರೆಯ ಅಂಚು ಕಾಣುತ್ತಿತ್ತು. ಅಲ್ಲಿಂದ ನಗು ಬರಲಿಲ್ಲ.

ಕಾರಿನ ಕಾಗದ ನೋಡದೆ ನಾನು ಕೀ ಮುಟ್ಟುವವನಲ್ಲ. ಆರ್‌ಸಿ ಬುಕ್ಕು, ಆಧಾರ್ ಕಾರ್ಡು ಎರಡೂ ತನ್ನಿ ಎಂದೆ. ಅವರು ಒಳಗಿನ ಕೋಣೆಗೆ ಹುಡುಕಲು ಹೋದರು. ಆಗ ಬಾಗಿಲ ಹಿಂದಿದ್ದ ಅವರ ಹೆಂಡತಿ ಮಜ್ಜಿಗೆಯ ಲೋಟ ಹಿಡಿದು ಅಂಗಳಕ್ಕೆ ಬಂದಳು. ಲೋಟ ಕೊಟ್ಟು ಒಳಗೆ ಹೋಗುತ್ತಾಳೆ ಅಂದುಕೊಂಡೆ. ಹೋಗಲಿಲ್ಲ. ಒಮ್ಮೆ ಹಿಂದಕ್ಕೆ ತಿರುಗಿ ನೋಡಿ, ಮೆಲ್ಲಗೆ ಹೇಳಿದಳು.

"ಅಣ್ಣಾ, ಇದು ಆಗಲ್ಲ ಅಂತ ಹೇಳ್ಬಿಡಿ."

"ಯಾಕಮ್ಮ ಆಗಲ್ಲ? ಅರ್ಧ ಗಂಟೆ ಕೆಲಸ."

"ಆಗುತ್ತೆ ಅಂತ ಗೊತ್ತು. ಆದ್ರೂ ಆಗಲ್ಲ ಅನ್ನಿ. ನಿಮ್ಮ ಕಾಲಿಗೆ ಬೀಳ್ತೀನಿ."

ನನಗೆ ರೇಗಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನುವ ಹಾಗೆ, ಇವರ ಜಟಾಪಟಿಯಲ್ಲಿ ನನ್ನ ಹೆಸರು ಕೆಡಬೇಕೆ? ಆ ಮನುಷ್ಯ ನಾಳೆ ಇನ್ನೊಬ್ಬನನ್ನು ಶಿವಮೊಗ್ಗದಿಂದ ಕರೆಸುತ್ತಾನೆ, ಅವನು ಮಾಡಿ ಹೋಗುತ್ತಾನೆ, ಕಡೂರಿನವನಿಗೆ ಕೆಲಸ ಬರಲ್ಲ ಎಂದು ಊರೆಲ್ಲ ಮಾತಾಗುತ್ತದೆ. ನನ್ನ ತಲೆಯಲ್ಲಿದ್ದದ್ದು ಇಷ್ಟೇ. "ನನ್ನ ಬಾಯಲ್ಲಿ ಸುಳ್ಳು ಬರಲ್ಲ ಕಣಮ್ಮ" ಎಂದೆ. ದೊಡ್ಡ ಸತ್ಯಹರಿಶ್ಚಂದ್ರನ ಹಾಗೆ.

ಆಕೆ ಮತ್ತೆ ಕೇಳಲಿಲ್ಲ. ಲೋಟ ತೆಗೆದುಕೊಳ್ಳಲು ಬಗ್ಗಿದಾಗ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಒಂದು ಹಳೆಯ ಕಬ್ಬಿಣದ ಬೀಗದ ಕೈ ಕಂಡಿತು. ಹೆಚ್ಚು ಕಡಿಮೆ ನಮ್ಮ ಅಂಗಡಿಯ ಮೊಳೆಯಲ್ಲಿರುವಂಥದ್ದೇ. ಆ ಮನೆಯ ಬಾಗಿಲುಗಳೆಲ್ಲ ಹೊಸವು, ಎಲ್ಲಕ್ಕೂ ಗುಂಡು ಹಿಡಿಯ ಬೀಗ. ಇದು ಯಾವ ಬೀಗದ್ದಮ್ಮ ಎಂದು ಕಸುಬಿನ ಚಟಕ್ಕೆ ಕೇಳಿದೆ. ಸುಮ್ಮನೆ, ಹಳೆಯದು ಎಂದು ಸೆರಗು ಮುಚ್ಚಿಕೊಂಡಳು. ಅಷ್ಟರಲ್ಲಿ ನಾನು ನೋಡಿಯಾಗಿತ್ತು. ಅದರ ಹಲ್ಲಿನ ಮೇಲೆ ತುಕ್ಕು ಹಿಡಿದಿತ್ತು, ದಂಡ ಮಾತ್ರ ಹೊಳೆಯುತ್ತಿತ್ತು. ಅಂದರೆ ವರ್ಷಗಳಿಂದ ಅದು ಯಾವ ಬೀಗಕ್ಕೂ ಹೋಗಿಲ್ಲ, ಆದರೆ ಯಾರದೋ ಮುಷ್ಟಿಯಲ್ಲಿ ಮತ್ತೆ ಮತ್ತೆ ಉಜ್ಜಿದೆ.

ಓದುತ್ತಿರುವ ನಿಮಗೆ ಈಗಾಗಲೇ ಗೊತ್ತಾಗಿರಬೇಕು. ಹುಟ್ಟಿದಾಗಿನಿಂದ ಅಂಥದ್ದೇ ಬೀಗದ ಕೈ ನೋಡಿಕೊಂಡು ಬೆಳೆದ ನನಗೆ ಗೊತ್ತಾಗಲಿಲ್ಲ. ನನ್ನ ಗಮನವೆಲ್ಲ ಕಾರಿನ ಮೇಲಿತ್ತು.

ಯಜಮಾನರು ಕಾಗದ ತಂದರು. ಹೆಸರು, ಫೋಟೋ, ನಂಬರು ಎಲ್ಲ ಸರಿಯಾಗಿತ್ತು. ಬಾಗಿಲ ಬೀಗದೊಳಗೆ ಕಡ್ಡಿ ಬಿಟ್ಟು ಅಳತೆ ತೆಗೆದೆ. ಅಂಗಳದಲ್ಲೇ ಮಿಷನ್ನು ಇಟ್ಟು ಕೀ ಕತ್ತರಿಸಿದೆ. ಕಾರಿನ ಕೀಗೆ ಮೇಲೆ ಬೆಳ್ಳಗೆ ನಿಕ್ಕಲ್ ಲೇಪ ಇರುತ್ತದೆ, ಒಳಗೆ ಹಿತ್ತಾಳೆ. ಕತ್ತರಿಸುವಾಗ ಅರಿಸಿನದಂಥ ಹಳದಿ ಪುಡಿ ನೆಲಕ್ಕೆ ಉದುರಿತು. ಆಕೆ ಕಸಪೊರಕೆ ತಂದು ನಾನು ಕೂತಲ್ಲೇ ಸುತ್ತ ಗುಡಿಸಿದಳು. ಆಮೇಲೆ ಸ್ಟೇರಿಂಗ್ ಕೆಳಗೆ ತಂತಿ ಸಿಕ್ಕಿಸಿ ಚಿಪ್ಪಿನ ಕೆಲಸ ಮುಗಿಸಿದೆ. ಹೊಸ ಕೀ ತಿರುಗಿಸಿದರೆ ಮೊದಲನೇ ಸಲಕ್ಕೇ ಇಂಜಿನ್ನು ಹಿಡಿಯಿತು. ಕಳೆದುಹೋದವು ಇನ್ನು ಸಿಕ್ಕಿದರೂ ಕೆಲಸಕ್ಕೆ ಬರುವುದಿಲ್ಲ, ಕಾರು ಅವನ್ನು ಮರೆತಾಯಿತು ಎಂದು ಇಬ್ಬರಿಗೂ ಕೇಳುವ ಹಾಗೆ ಜೋರಾಗಿ ಹೇಳಿದೆ. ಬೇಕೆಂದೇ ಹೇಳಿದೆ. ಆಕೆಯ ಆಟ ನನಗೆ ಗೊತ್ತಾಗಿದೆ ಎಂದು ತೋರಿಸಬೇಕಿತ್ತು.

ಅಪ್ಪನದೊಂದು ಪದ್ಧತಿ. ಹೊಸ ಕೀಯನ್ನು ಮನೆಯ ಹೆಣ್ಣುಮಕ್ಕಳ ಕೈಗೇ ಕೊಡಬೇಕು, ಮನೆಯ ಬೀಗ ಕಾಯುವವರು ಅವರು ಅನ್ನುತ್ತಿದ್ದ. ನಾನೂ ಅದನ್ನು ಬಿಟ್ಟಿಲ್ಲ. ಆಕೆಯನ್ನು ಕರೆದು ಕೈಗೆ ಕೊಟ್ಟೆ. ಆಕೆ ಎರಡೂ ಕೈ ಚಾಚಿ ತೆಗೆದುಕೊಂಡಳು. ಅಂಗೈಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು ನೋಡಿದಳು. ಗಂಡ ಕೈ ನೀಡಿದರು, ಕೊಟ್ಟಳು.

ಮುಂದಿನ ವಾರ ಅಜ್ಜಂಪುರದಲ್ಲಿ ಒಂದು ಗ್ಯಾರೇಜಿನಲ್ಲಿ ಕೆಲಸವಿತ್ತು. ಮೆಕ್ಯಾನಿಕ್ಕು ಮಾತಿನ ನಡುವೆ ಒಂದು ಅಪಘಾತದ ವಿಷಯ ತೆಗೆದ. ಬಿಳಿ ಕಾರು, ಕೊಬ್ಬರಿ ವ್ಯಾಪಾರದವರು, ತರೀಕೆರೆ ರಸ್ತೆಯ ಹುಣಸೇಮರ. ಎದುರಿಗೆ ಯಾವ ಗಾಡಿಯೂ ಇರಲಿಲ್ಲವಂತೆ, ರಸ್ತೆ ನೆಟ್ಟಗಿತ್ತಂತೆ. ನಾನು ಕೀ ಕೊಟ್ಟ ಮೂರನೇ ದಿನ ಬೆಳಗ್ಗೆ. ಆಂಬುಲೆನ್ಸು ತರೀಕೆರೆ ಮುಟ್ಟುವ ಮೊದಲೇ ಉಸಿರು ನಿಂತಿತಂತೆ.

"ಫಿಟ್ಸ್ ಇತ್ತಂತೆ ಕಣಪ್ಪ. ಗಾಡಿ ಮುಟ್ಟಬೇಡಿ ಅಂತ ಡಾಕ್ಟ್ರು ಹೇಳಿದ್ರಂತೆ. ಮಗಳ ಮದ್ವೆ ಮಾತು ನಡೀತಿತ್ತಲ್ಲ, ಮನೆಯವ್ರು ವಿಷಯ ಹೊರಗೆ ಬಿಡ್ಲಿಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನನ್ನು ಯಾರೂ ಏನೂ ಅನ್ನಲಿಲ್ಲ, ಆ ಕೀ ಮಾಡಿದ್ದು ಯಾರು ಎಂದೂ ಕೇಳಲಿಲ್ಲ. ಆದರೂ ಕಾಗದ ನೋಡಿಯೇ ಮಾಡಿಕೊಟ್ಟಿದ್ದು ಎಂದು ನಾನಾಗಿಯೇ ಹೇಳಿಬಿಟ್ಟೆ. ಮೆಕ್ಯಾನಿಕ್ಕು ನನ್ನ ಮುಖ ನೋಡಿದ. ಕೆಲಸ ಅರ್ಧಕ್ಕೆ ಬಿಟ್ಟು ವ್ಯಾನು ಹತ್ತಿದೆ.

ಬೀರೂರು ದಾಟುವವರೆಗೂ ಆಕೆಯ ಮಾತೇ ಕಿವಿಯಲ್ಲಿತ್ತು. ಆಕೆ ಏನಂತ ಹೇಳಬೇಕಿತ್ತು? ನನ್ನ ಗಂಡನಿಗೆ ಮೂರ್ಛೆ ರೋಗ ಎಂದು ಊರೂರು ತಿರುಗುವ ನನ್ನಂಥವನ ಮುಂದೆ ಬಾಯಿ ಬಿಟ್ಟರೆ ಅದು ಸಂಜೆಯೊಳಗೆ ಗಂಡಿನ ಮನೆ ತಲುಪುತ್ತದೆ. ಅಪ್ಪನಿಗೆ ಇದ್ದದ್ದು ಮಗಳಿಗೂ ಬರುತ್ತದೆ ಎಂದು ಸಂಬಂಧ ಮುರಿಯುತ್ತದೆ. ಒಂದು ಕಡೆ ಗಂಡನ ಜೀವ, ಇನ್ನೊಂದು ಕಡೆ ಮಗಳ ಬಾಳು. ಎರಡನ್ನೂ ಉಳಿಸಿಕೊಳ್ಳಲು ಆಕೆಗೆ ಇದ್ದದ್ದು ಒಂದೇ ದಾರಿ, ಆಗಲ್ಲ ಎನ್ನುವ ಒಂದು ಮಾತು. ಅದನ್ನು ನಾನು ಆಡಬೇಕಿತ್ತು. ಅಂಗಡಿಗೆ ಬಂದು ಶಟರ್ ಎತ್ತಿದರೆ ಮೊಳೆಯ ಮೇಲೆ ಆ ಬೀಗದ ಕೈ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅವತ್ತು ನಾನು ಅಂಗಡಿಯೊಳಗೆ ಕೂತು ಅತ್ತೆ. ಹೇಳಿಕೊಳ್ಳಲು ನಾಚಿಕೆಯಿಲ್ಲ.

ಆ ಮನೆಗೆ ಹೋಗಬೇಕು ಎಂದು ಎಷ್ಟೋ ಸಲ ಹೊರಟೆ. ಧೈರ್ಯ ಬರಲಿಲ್ಲ. ಒಂದೂವರೆ ತಿಂಗಳಾದ ಮೇಲೆ ಆಕೆಯೇ ಬಂದಳು.

ಮರಣದ ದಾಖಲೆಯ ಕೆಲಸಕ್ಕೆ ಕಡೂರಿಗೆ ಬಂದವಳು, ಬಸ್ ಸ್ಟ್ಯಾಂಡಿನಲ್ಲಿ ಮಗಳನ್ನು ಕೂರಿಸಿ ಒಬ್ಬಳೇ ಅಂಗಡಿ ಹುಡುಕಿಕೊಂಡು ಬಂದಿದ್ದಳು. ಹಣೆ ಬರಿದಾಗಿತ್ತು. ನಾನು ಎದ್ದು ನಿಂತು ಸ್ಟೂಲು ಮುಂದಕ್ಕೆ ತಳ್ಳಿದೆ. ಕೂರಲಿಲ್ಲ. ಬೈಯಲಿ, ಮುಖಕ್ಕೆ ಉಗಿಯಲಿ ಎಂದು ಕಾದೆ. ಅದೂ ಮಾಡಲಿಲ್ಲ. ಚೀಲದಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದು ಮೇಜಿನ ಮೇಲಿಟ್ಟಳು. ಅದರೊಳಗೆ ನಾನು ಮಾಡಿಕೊಟ್ಟ ಕೀ ಇತ್ತು.

"ಅಣ್ಣಾ, ಮರಕ್ಕೆ ಗುದ್ದಿದ ಮೇಲೂ ಅವ್ರಿಗೆ ಕೈಕಾಲು ಅದುರ್ತಿತ್ತಂತೆ. ಗದ್ದೇಲಿದ್ದೋರು ಓಡಿಬಂದು ಎಳೆದು ಮಲಗಿಸಿ, ಕಾರಿಂದ ಈ ಕೀನೇ ಕಿತ್ತು ಅವ್ರ ಕೈಲಿ ಇಟ್ರಂತೆ. ಆಸ್ಪತ್ರೇಲಿ ಮುಷ್ಟಿ ಬಿಡಿಸಿ ತೆಗೆದಿದ್ದು."

ಆಕೆ ಅತ್ತೆಯ ವಿಷಯ ಹೇಳಿದಳು. ನೀನು ಸೊಂಟದಲ್ಲಿ ಕಬ್ಬಿಣ ಸಿಕ್ಕಿಸಿಕೊಂಡು ಮನೆಯಲ್ಲಿ ಕೂತೆ, ನನ್ನ ಮಗನನ್ನು ಬರಿಗೈಯಲ್ಲಿ ಕಳಿಸಿ ಕೊಂದೆ ಎಂದು ದಿನಾ ಅನ್ನುತ್ತಾರಂತೆ. ಬೆಳಗ್ಗೆ ಎದ್ದರೆ ಅದೇ, ತಟ್ಟೆ ಮುಂದೆ ಕೂತರೆ ಅದೇ. ಹೊರಡುವಾಗ ಜೇಬಿಗೆ ಹಾಕಿ ಕಳಿಸಬೇಕಿತ್ತು, ಮರೆತೆ, ಅದು ನನ್ನದೇ ತಪ್ಪು ಎಂದು ಆಕೆಯೂ ನಂಬಿಬಿಟ್ಟಿದ್ದಳು. ಬಾವಿಗೆ ಕೀ ಹಾಕಿದ್ದನ್ನಾಗಲಿ, ನನ್ನ ಕಾಲಿಗೆ ಬೀಳುತ್ತೇನೆ ಎಂದದ್ದನ್ನಾಗಲಿ ಯಾರ ಮುಂದೆಯೂ ಹೇಳಿರಲಿಲ್ಲ. ಬಾವಿಯ ವಿಷಯ ನನಗೆ ಗೊತ್ತಾದದ್ದೇ ಅವತ್ತು.

ಆಮೇಲೆ ಕವರಿನ ಮೇಲೆ ಬೆರಳಿಟ್ಟು ಕೇಳಿದಳು.

"ಇದ್ರಲ್ಲಿ ಕಬ್ಬಿಣ ಇದೆಯೇನಣ್ಣಾ?"

ಕಬ್ಬಿಣ ಹಿಡಿದರೂ ಅವರು ಬದುಕುತ್ತಿರಲಿಲ್ಲ ತಾಯಿ, ಅದೆಲ್ಲ ಸುಳ್ಳು ಎಂದು ಹೇಳಲು ಬಾಯಿ ತೆಗೆದೆ. ಆಕೆಯ ಕಣ್ಣು ಆಗಲೇ ಬಾಗಿಲ ಪಕ್ಕದ ಮೊಳೆಯ ಮೇಲಿತ್ತು. ಅಲ್ಲಿ ಅದು ತೂಗುತ್ತಿರುವಾಗ ನನ್ನ ಮಾತನ್ನು ಯಾರು ನಂಬುತ್ತಾರೆ?

"ಇದೆ ಕಣಮ್ಮ" ಎಂದೆ.

"ಅವತ್ತು ಗುಡಿಸುವಾಗ ಹಳದಿ ಪುಡಿ ಇತ್ತಲ್ಲ?"

"ಅದು ಮೇಲಿನ ಲೇಪ. ಒಳಗಡೆಯೆಲ್ಲ ಕಬ್ಬಿಣಾನೇ. ಅವ್ರು ಬರಿಗೈಲಿ ಹೋಗಿಲ್ಲ."

ಆ ಕೀಯಲ್ಲಿ ಗುಂಡುಸೂಜಿಯಷ್ಟೂ ಕಬ್ಬಿಣ ಇರಲಿಲ್ಲ. ಆಕೆ ಕೀಯನ್ನು ಕವರಿನಿಂದ ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಅತ್ತೆಗೆ ಹೇಳುತ್ತೇನೆ ಎಂದಳು. ಬರುತ್ತೀನಣ್ಣಾ ಎಂದು ಮಗಳು ಕೂತಿದ್ದ ಕಡೆಗೆ ನಡೆದಳು.

ನನ್ನ ಬಾಯಲ್ಲಿ ಸುಳ್ಳು ಸಲೀಸಾಗಿ ಬಂದಿತ್ತು. ಅವತ್ತು ಅಂಗಳದಲ್ಲಿ ಆಕೆ ಬೇಡಿದ್ದು ಇದಕ್ಕಿಂತ ಸಣ್ಣ ಸುಳ್ಳನ್ನು.