ಮೂಗಿನಕ್ಕನ ಉಪ್ಪುನೀರಿನ ಕೆಟಲು

ಬೆಳಗಿನ ಜಾವ ನಾಲ್ಕೂವರೆ. ಅಡುಗೆಮನೆಯ ಸಿಂಕಿನ ಮುಂದೆ ಐವತ್ತೊಂದು ವರ್ಷದ ಹೆಂಗಸೊಬ್ಬರು ಸೊಂಟ ಬಗ್ಗಿಸಿ, ತಲೆಯನ್ನು ಎಡಕ್ಕೆ ವಾಲಿಸಿ, ಬಾಯಿ ತೆರೆದುಕೊಂಡು ನಿಂತಿದ್ದಾರೆ. ಕೈಯಲ್ಲಿ ಗಿಡ್ಡ ಮೂತಿಯ ಸ್ಟೀಲಿನ ಟೀ ಕೆಟಲು. ಅದರ ಮೂತಿ ಅವರ ಬಲ ಹೊಳ್ಳೆಗೆ ತಾಗಿದೆ. ಇನ್ನೇನು ಸುರಿಯಬೇಕು ಅನ್ನುವಷ್ಟರಲ್ಲಿ ಹಿಂದಿನಿಂದ ಗದರಿಕೆ ಬರುತ್ತದೆ.

"ಬಾಯಲ್ಲಿ ಉಸಿರಾಡು. ಮೂಗಲ್ಲಿ ಎಳ್ಕೋಬೇಡ. ಮೊನ್ನೆ ಎಳ್ಕೊಂಡು ಕೆಮ್ಮಿ ಕೆಮ್ಮಿ ಸಾಕಾಗಿದ್ದು ನೆನಪಿದೆಯಾ?"

"ಇದೆ ಅತ್ತೆ."

"ಮಾತಾಡಬೇಡ ಅಂದೆ!"

ತಡವಾಯಿತು. ಸುರಿಯುತ್ತಲೇ ಮಾತಾಡಿದ ತಪ್ಪಿಗೆ ನೀರು ಗಂಟಲಿಗಿಳಿದು, ಸೊಸೆ ಸಿಂಕಿನ ಅಂಚು ಹಿಡಿದು ಕೆಮ್ಮುತ್ತಾರೆ. ಸ್ಟೂಲಿನ ಮೇಲೆ ಕುಳಿತ ಎಪ್ಪತ್ತೆಂಟರ ಅತ್ತೆ, ತಾವೇ ಮಾತಾಡಿಸಿದ್ದು ಎಂಬುದನ್ನು ಪೂರ್ತಿ ಮರೆತು, "ಹೇಳಿದ್ರೆ ಕೇಳಲ್ಲ" ಎಂದು ಗೋಡೆಗೆ ದೂರು ಹೇಳುತ್ತಾರೆ. ಎರಡನೆಯ ಪ್ರಯತ್ನ ಫಲಿಸುತ್ತದೆ. ಬಲ ಹೊಳ್ಳೆಯಿಂದ ಒಳಹೋದ ನೀರು ಎಡ ಹೊಳ್ಳೆಯಿಂದ ಸಣ್ಣ ನಲ್ಲಿಯ ಹಾಗೆ ಹೊರಬರುತ್ತದೆ. ಅತ್ತೆ ಕತ್ತು ಚಾಚಿ ನೋಡಿ ತಲೆಯಾಡಿಸುತ್ತಾರೆ. ಹದಿನಾಲ್ಕು ದಿನದಿಂದ ನೋಡುತ್ತಿದ್ದರೂ ಅವರಿಗೆ ಈ ದೃಶ್ಯ ಇನ್ನೂ ಹಳತಾಗಿಲ್ಲ.

ಸೊಸೆಯನ್ನು ಊರಿನ ಹಾಲಿನ ಡೇರಿಯಲ್ಲಿ ಎಲ್ಲರೂ ಕರೆಯುವುದು ಮೂಗಿನಕ್ಕ ಎಂದು. ಅವರ ಕೆಲಸ ವಾಸನೆ ನೋಡುವುದು. ಹಾಲು ತಂದವರ ಕ್ಯಾನುಗಳು ಡೇರಿಯ ಕಟ್ಟೆಯ ಮೇಲೆ ಸಾಲಾಗಿ ನಿಲ್ಲುತ್ತವೆ. ಅಕ್ಕ ಒಂದೊಂದರದೂ ಮುಚ್ಚಳ ಎತ್ತಿ, ಮೂಗಿನ ಹತ್ತಿರ ತಂದು, ಹಾಲಿನ ಮೇಲೊಮ್ಮೆ ಬಗ್ಗಿ, "ಪಾಸು" ಅನ್ನುತ್ತಾರೆ, ಇಲ್ಲವೇ "ಫೇಲು" ಅನ್ನುತ್ತಾರೆ. ದಿನಕ್ಕೆ ಮುನ್ನೂರ ಹತ್ತು ಕ್ಯಾನು. ಒಂದಕ್ಕೆ ಹೆಚ್ಚೆಂದರೆ ಮೂರು ಉಸಿರು. ಪಾಸಾದದ್ದೆಲ್ಲ ಒಂದೇ ದೊಡ್ಡ ಟ್ಯಾಂಕಿಗೆ ಹೋಗುತ್ತದೆ. ಕೆಟ್ಟ ಕ್ಯಾನು ಒಂದೇ ಒಂದು ನುಸುಳಿದರೂ ಟ್ಯಾಂಕಿನ ಹಾಲೆಲ್ಲ ಚರಂಡಿ ಪಾಲು. ಲ್ಯಾಬಿನಲ್ಲಿ ಯಂತ್ರವೇನೋ ಇದೆ, ಆದರೆ ಅದು ಒಂದು ಕ್ಯಾನು ನೋಡಿ ಮುಗಿಸುವ ಹೊತ್ತಿಗೆ ಉಳಿದ ಕ್ಯಾನುಗಳು ಬಿಸಿಲಿಗೆ ತಾವಾಗಿಯೇ ಹುಳಿಯಾಗಿರುತ್ತವೆ.

"ವಾಸನೆ ಇರೋದು ಹಾಲಲ್ಲಲ್ಲ, ಮುಚ್ಚಳದಲ್ಲಿ" ಎಂದು ಅಕ್ಕ ಮುಖ ಒರೆಸಿಕೊಳ್ಳುತ್ತ ವಿವರಿಸುತ್ತಾರೆ. "ಮನೆಯಿಂದ ಇಲ್ಲಿಗೆ ಬರೋವರೆಗೂ ಹಾಲು ಏನೇನು ಗುಟ್ಟು ಹೇಳಿರುತ್ತೋ ಎಲ್ಲಾ ಮುಚ್ಚಳ ಕೇಳಿಸ್ಕೊಂಡಿರುತ್ತೆ. ಎತ್ತಿದ ತಕ್ಷಣ ಮೂಸಬೇಕು. ತಡ ಮಾಡಿದ್ರೆ ಅದೂ ಬಾಯಿ ಮುಚ್ಕೊಳುತ್ತೆ."

ಹತ್ತೊಂಬತ್ತು ವರ್ಷದ ಹಿಂದೆ ಅವರು ಇದೇ ಕಟ್ಟೆಯ ಹಿಂಬದಿಯಲ್ಲಿ ಕ್ಯಾನು ತೊಳೆಯುತ್ತಿದ್ದರು. ಗಂಡನದು ಬಸ್ಸಿನ ಡ್ರೈವರ್ ಕೆಲಸ, ಮನೆಯಲ್ಲಿದ್ದಷ್ಟೇ ದಿನ ದಾರಿಯಲ್ಲಿ. ಒಂದು ದಿನ ಖಾಲಿ ಕ್ಯಾನೊಂದನ್ನು ತೊಳೆಯಲು ಎತ್ತಿಕೊಂಡವರು ಮೂಗು ಮುರಿದು, "ಇದು ಸೀಮೆಎಣ್ಣೆ ಡಬ್ಬದ ಪಕ್ಕ ಇದ್ದಿದ್ದು" ಎಂದರು. ಕ್ಯಾನಿನ ಯಜಮಾನ ಮೂಗಿನ ಮೇಲೆ ಬೆರಳಿಟ್ಟುಕೊಂಡ. ಹೌದು, ಅವನ ಮನೆಯಲ್ಲಿ ಎರಡೂ ಒಂದೇ ಮೂಲೆಯಲ್ಲಿದ್ದವು. ಮರುವಾರವೇ ಅಕ್ಕನನ್ನು ತೊಳೆಯುವ ತೊಟ್ಟಿಯಿಂದ ಎಬ್ಬಿಸಿ ಕಟ್ಟೆಯ ಮುಂದೆ ತಂದು ನಿಲ್ಲಿಸಲಾಯಿತು.

ಅಂದಿನಿಂದ ಮನೆಯಲ್ಲಿ ಆ ಮೂಗಿಗೆ ರಾಜಮರ್ಯಾದೆ. ಕೆಲಸದ ದಿನ ಹಸಿ ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ. ಮೈಗೆ ವಾಸನೆಯಿಲ್ಲದ ಸೋಪು. ಮದುವೆಮನೆಯಲ್ಲಿ ಸೆಂಟು ಬಳಿದುಕೊಂಡವರು ಹತ್ತಿರ ಬಂದರೆ ಅತ್ತೆಯೇ ಅಡ್ಡ ನಿಂತು, "ದೂರದಿಂದ ಮಾತಾಡಿ, ನಮ್ಮ ಸೊಸೆ ನಾಳೆ ಕೆಲಸಕ್ಕೆ ಹೋಗ್ಬೇಕು" ಎಂದು ತಡೆಯುತ್ತಾರೆ. ನೆಂಟರಲ್ಲಿ ಇದಕ್ಕೆ ಬೇಸರಪಟ್ಟವರೂ ಇದ್ದಾರೆ. ಅತ್ತೆ ಅವರನ್ನು ಲೆಕ್ಕಕ್ಕೇ ಇಟ್ಟಿಲ್ಲ.

ಇಂಥ ಮೂಗು ಹೋದ ತಿಂಗಳು ಕೈಕೊಟ್ಟಿತು. ಚಳಿಗಾಲದ ಒಣಗಾಳಿ, ಕ್ಯಾನು ತೊಳೆಯುವ ಬಿಸಿನೀರಿನ ಹಬೆ, ಬ್ಲೀಚಿಂಗ್ ಪೌಡರಿನ ಘಾಟು, ಅದರ ಪಕ್ಕದಲ್ಲೇ ಮೈ ಕೊರೆಯುವ ತಣ್ಣನೆಯ ಕೋಣೆ. ಹತ್ತೊಂಬತ್ತು ವರ್ಷ ಇದನ್ನೆಲ್ಲ ಸಹಿಸಿದ ಮೂಗು ಒಳಗೊಳಗೇ ಒಣಗಿ ಹಕ್ಕಳೆಗಟ್ಟಿತು. ಹಣೆ ಭಾರವಾಯಿತು, ಕೆನ್ನೆಮೂಳೆ ನೋಯತೊಡಗಿತು. ಒಂದು ಬೆಳಿಗ್ಗೆ ಮುಚ್ಚಳ ಎತ್ತಿದರೆ ವಾಸನೆಯೇ ಇಲ್ಲ. ಇನ್ನೊಂದು ಎತ್ತಿದರು. ಅದರಲ್ಲೂ ಇಲ್ಲ.

"ಮೂಗು ಉಜ್ಜಿ ಉಜ್ಜಿ ನೋಡಿದೆ" ಎನ್ನುತ್ತಾರೆ ಅಕ್ಕ. "ಹಿಂದೆ ಮುನ್ನೂರು ಕ್ಯಾನು ಕಾಯ್ತಿದೆ. ಏನು ಮಾಡ್ಲಿ? ಮುಖ ನೋಡಕ್ಕೆ ಶುರು ಮಾಡಿದೆ."

ಹಾಲಿನ ಮುಖವಲ್ಲ, ಹಾಲು ತಂದವರ ಮುಖ. ಕಣ್ಣಲ್ಲಿ ಕಣ್ಣಿಟ್ಟು ನಿಂತವರು ಪಾಸು. ತಲೆ ತಗ್ಗಿಸಿದವರು, ಮುಖ ಹಿಂಡಿದವರು ಫೇಲು. ಆ ಸಾಲಿನಲ್ಲಿ ಸೈಕಲ್ ತಾತನೂ ಇದ್ದರು. ಇಪ್ಪತ್ತು ಲೀಟರಿನ ಕ್ಯಾನನ್ನು ಸೈಕಲ್ಲಿಗೆ ಕಟ್ಟಿಕೊಂಡು ಬರುವ ಈ ಮುದುಕರ ಹಾಲು ಎಂದೂ ಕೆಟ್ಟಿದ್ದಿಲ್ಲ. ಆ ದಿನ ಮಾತ್ರ ಅವರು ಕೆನ್ನೆ ಹಿಡಿದುಕೊಂಡು, ಕಣ್ಣು ಕೆಳಗೆ ಹಾಕಿ, ಕಳ್ಳತನ ಮಾಡಿ ಸಿಕ್ಕಿಬಿದ್ದವರಂತೆ ನಿಂತಿದ್ದರು. ಅಕ್ಕ "ಫೇಲು" ಅಂದುಬಿಟ್ಟರು. ತಾತ ಕ್ಯಾನಿನ ಮುಚ್ಚಳ ಮುಚ್ಚಿ ತಿರುಗಿದರು. ಮಾತಾಡುವ ಸ್ಥಿತಿಯಲ್ಲಿ ಅವರು ಇರಲಿಲ್ಲ. ಅವರಿಗಾಗಿದ್ದು ಹಲ್ಲುನೋವು.

ಪುಣ್ಯಕ್ಕೆ ಅಂದು ಟ್ಯಾಂಕಿಗೆ ಕೆಟ್ಟ ಹಾಲು ಸೇರಿರಲಿಲ್ಲ. ಆದರೆ ಊದಿದ ಕೆನ್ನೆಗೆ ಬಟ್ಟೆ ಕಟ್ಟಿಕೊಂಡು, ತುಂಬಿದ ಕ್ಯಾನಿನ ಸೈಕಲ್ಲನ್ನು ತಳ್ಳುತ್ತ ವಾಪಸು ಹೋದ ಮುದುಕರ ಬೆನ್ನು ಅಕ್ಕನಿಗೆ ಊಟ ಸೇರದಂತೆ ಮಾಡಿತು. ಮರುದಿನ ಅವರೇ ಲ್ಯಾಬ್ ಮೇಡಂ ಎದುರು ನಿಂತು ಎಲ್ಲವನ್ನೂ ಒಪ್ಪಿಕೊಂಡರು. ಮೇಡಂಗೆ ಮೂವತ್ತು ತುಂಬಿಲ್ಲ, ಆದರೆ ನಿಯಮದ ವಿಷಯದಲ್ಲಿ ಮುಲಾಜಿಲ್ಲ. ಹದಿನೈದು ದಿನ ಗಡುವು ಕೊಟ್ಟು, ಅಲ್ಲಿಯವರೆಗೆ ಕಟ್ಟೆಗೆ ಪಕ್ಕದೂರಿನ ಡೇರಿಯಿಂದ ಬದಲಿಯವರನ್ನು ಕರೆಸಿದರು. ಅಷ್ಟರಲ್ಲಿ ಮೂಗು ಸರಿಯಾಗಬೇಕು. ಹದಿನೈದನೆಯ ದಿನ ಹತ್ತು ಕ್ಯಾನಿನ ಪರೀಕ್ಷೆ. ಹತ್ತಕ್ಕೆ ಹತ್ತು ಬಂದರೆ ಕಟ್ಟೆ, ಒಂದು ತಪ್ಪಿದರೂ ಮತ್ತೆ ತೊಳೆಯುವ ತೊಟ್ಟಿ.

ಕಿವಿ ಮೂಗು ಗಂಟಲಿನ ಡಾಕ್ಟರು ಚೀಟಿ ಬರೆದರು, ನರ್ಸಮ್ಮ ಉಪ್ಪುನೀರಿನಲ್ಲಿ ಮೂಗು ತೊಳೆಯುವುದನ್ನು ಹೇಳಿಕೊಟ್ಟರು. ಕುದಿಸಿ ಆರಿಸಿದ ಉಗುರುಬೆಚ್ಚಗಿನ ನೀರೇ ಆಗಬೇಕು, ನಲ್ಲಿ ನೀರು ಕೂಡದು. ಒಂದು ಲೋಟಕ್ಕೆ ಅರ್ಧ ಚಮಚ ಉಪ್ಪು, ಚಿಟಿಕೆ ಅಡುಗೆ ಸೋಡಾ. ಮೊದಲ ದಿನ ಅಕ್ಕ ಉಪ್ಪು ಹಾಕುವುದನ್ನೇ ಮರೆತು ಬರಿ ನೀರು ಸುರಿದುಕೊಂಡು, ಮೂಗಿನಿಂದ ನೆತ್ತಿಯವರೆಗೆ ಉರಿ ಹತ್ತಿ ಮನೆ ತುಂಬ ಓಡಾಡಿದರು. ಅಂದಿನಿಂದ ಉಪ್ಪಿನ ಖಾತೆ ಅತ್ತೆಯದು. ಚಾಕುವಿನ ಬೆನ್ನಿನಿಂದ ಚಮಚವನ್ನು ಸಮ ಮಾಡಿ ಅಳೆಯುತ್ತಾರೆ.

"ಅಡುಗೆಗೆ ಕಣ್ಣಳತೆ ಸಾಕು" ಎನ್ನುತ್ತಾರೆ ಅವರು. "ಸೊಸೆ ಮೂಗಿಗೆ ಸಾಲದು."

ಕ್ಲಿನಿಕ್ಕಿನವರು ಕೊಟ್ಟ ಪ್ಲಾಸ್ಟಿಕ್ ಬಾಟಲಿ ಅತ್ತೆಗೆ ಹಿಡಿಸಲಿಲ್ಲ. ಕುದಿಯುವ ನೀರಲ್ಲಿ ಹಾಕಿ ತೊಳೆಯಲಾಗದ ಪಾತ್ರೆಯನ್ನು ಅವರು ಪಾತ್ರೆಯೆಂದೇ ಒಪ್ಪುವುದಿಲ್ಲ. ಮನೆಗಿದ್ದ ಒಂದೇ ಟೀ ಕೆಟಲನ್ನು ಮೂಗಿಗೆ ಬರೆದುಕೊಟ್ಟರು. ಆದರೆ ಆ ಸುದ್ದಿಯನ್ನು ಎಲ್ಲರಿಗೂ ಮುಟ್ಟಿಸಲಿಲ್ಲ. ಹೋದ ವಾರ ಬಂದಿದ್ದ ನಾದಿನಿಯ ಗಂಡ ಅದೇ ಕೆಟಲಿನಿಂದ ಎರಡು ಲೋಟ ಟೀ ಬಗ್ಗಿಸಿಕೊಂಡು ಕುಡಿದು, ಕೆಟಲು ಚೆನ್ನಾಗಿದೆ ಎಂದು ಹೊಗಳಿ, ಆಮೇಲೆ ವಿಷಯ ತಿಳಿದು ಊಟಕ್ಕೂ ನಿಲ್ಲದೆ ಹೊರಟುಹೋದರು. ಈಗ ಕೆಟಲಿನ ಹಿಡಿಗೆ ಗುರುತಿಗೊಂದು ಕೆಂಪು ದಾರ ಕಟ್ಟಿದೆ. ಅಷ್ಟರಲ್ಲಿ ಮಾತು ಬೀದಿ ತುಂಬ ಹರಡಿತ್ತು. ಬಂದವರೆಲ್ಲ ಬಾಗಿಲಲ್ಲೇ "ಈಗಷ್ಟೇ ಟೀ ಕುಡಿದು ಬಂದೆ" ಅನ್ನುತ್ತಾರೆ.

ಆದರೂ ಕೆಟಲು ತನ್ನ ಕೆಲಸ ಮಾಡಿತು. ದಿನಕ್ಕೆರಡು ಸಲ ತೊಳೆಯುತ್ತ ಹೋದಂತೆ ಒಣಗಿದ್ದು ನೆನೆಯಿತು, ಕಟ್ಟಿದ್ದು ಕರಗಿತು, ಹಣೆಯ ಭಾರ ಇಳಿಯಿತು. ಹನ್ನೊಂದನೆಯ ದಿನ ಅತ್ತೆ ಪಕ್ಕದಲ್ಲಿ ಹಾದುಹೋದಾಗ ಅಕ್ಕನಿಗೆ ಥಟ್ಟನೆ ಒಂದು ವಾಸನೆ ಬಂತು. ಅತ್ತೆ ಮಂಡಿಗೆ ಹಚ್ಚುವ ಮುಲಾಮು. ಅಕ್ಕ ಅವರನ್ನು ತಬ್ಬಿಕೊಂಡು ಗಳಗಳನೆ ಅತ್ತರು.

"ಅಷ್ಟೊಂದು ಕೆಟ್ಟ ವಾಸನೆಯಾ?" ಎಂದು ಅತ್ತೆ ಗಾಬರಿಯಿಂದ ಕೇಳಿದರಂತೆ.

ಇವತ್ತು ಹದಿನೈದನೆಯ ದಿನ. ಮೂಗು ತೊಳೆದಾಗಿದೆ. ತೊಳೆದ ಮೇಲೆ ತಲೆಯನ್ನು ಮಂಡಿಯವರೆಗೆ ಬಗ್ಗಿಸಿ, ಆ ಕಡೆ ಈ ಕಡೆ ತಿರುಗಿಸಿ, ಒಳಗೆ ನಿಂತ ನೀರನ್ನು ಪೂರ್ತಿ ಇಳಿಸಿ ಸ್ವಲ್ಪ ಹೊತ್ತು ಕಾಯಬೇಕೆಂಬುದು ನರ್ಸಮ್ಮನ ಕಟ್ಟಪ್ಪಣೆ. ಕೆಮ್ಮಿನಲ್ಲಿ ಹೊತ್ತು ಕಳೆದುಹೋಗಿದೆ. ಬೀದಿಯಲ್ಲಿ ಡೇರಿಯ ವ್ಯಾನು ಹಾರ್ನ್ ಹೊಡೆಯುತ್ತಿದೆ. "ಬಗ್ಗು, ಬಗ್ಗಿ ಹೋಗು!" ಎಂದು ಅತ್ತೆ ಕೂಗುತ್ತಿರುವಾಗಲೇ ಅಕ್ಕ ಚಪ್ಪಲಿ ಮೆಟ್ಟಿ ಓಡುತ್ತಾರೆ.

ಕಟ್ಟೆಯ ಮೇಲೆ ಹತ್ತು ಕ್ಯಾನು ಬೇರೆಯಾಗಿ ನಿಂತಿವೆ. ಅವುಗಳಲ್ಲಿ ಮೂರು ಕೆಟ್ಟವು. ಯಾವ ಮೂರು ಎಂದು ಬರೆದ ಚೀಟಿ ಮೇಡಂ ಕೋಟಿನ ಜೇಬಿನಲ್ಲಿದೆ. ಕ್ಯಾನು ತೊಳೆಯುವವರು, ಹಾಲು ತಂದವರು, ವ್ಯಾನಿನ ಡ್ರೈವರು ಎಲ್ಲ ಕೆಲಸ ಬಿಟ್ಟು ನೋಡುತ್ತಿದ್ದಾರೆ.

ಮೊದಲನೆಯ ಮುಚ್ಚಳ. "ಪಾಸು." ಎರಡನೆಯದು. "ಫೇಲು, ಹುಳಿ ಹಿಡಿದಿದೆ." ದನಿಯಲ್ಲಿ ಹಳೆಯ ಗತ್ತು ಬಂದಿದೆ. ಮೂರನೆಯ ಮುಚ್ಚಳ ಎತ್ತುತ್ತಾರೆ. ತಾಜಾ, ಸಿಹಿ ಹಾಲು. ಖಾತ್ರಿಗೆಂದು ಹಾಲಿನ ಮೇಲೆ ಬಗ್ಗುತ್ತಾರೆ. ಬಗ್ಗಿದ್ದೇ ತಡ, ಬೆಳಿಗ್ಗೆಯಿಂದ ಒಳಗೆಲ್ಲೋ ಅಡಗಿ ಕುಳಿತಿದ್ದ ಉಪ್ಪುನೀರಿನ ಒಂದು ಹನಿ ಮೂಗಿನ ತುದಿಗೆ ಬಂದು, ಸದ್ದಿಲ್ಲದೆ ಕ್ಯಾನಿನೊಳಗೆ ಬೀಳುತ್ತದೆ.

ಯಾರೂ ನೋಡಿಲ್ಲ. ಅಕ್ಕನ ಬೆನ್ನು ಎಲ್ಲರ ಕಣ್ಣಿಗೂ ಅಡ್ಡವಿದೆ. ಪಾಸು ಅಂದರೆ ಚೀಟಿಗೆ ಸರಿಹೊಂದುತ್ತದೆ, ಕಟ್ಟೆ ಉಳಿಯುತ್ತದೆ, ಹನಿ ಟ್ಯಾಂಕಿಗೆ ಹೋಗುತ್ತದೆ. ಫೇಲು ಅಂದರೆ ತೊಳೆಯುವ ತೊಟ್ಟಿ. ಅಕ್ಕ ಮುಚ್ಚಳ ಹಿಡಿದುಕೊಂಡು ನಿಂತೇ ಇದ್ದಾರೆ. ಇಷ್ಟು ಹೊತ್ತು ಅವರು ಯಾವ ಕ್ಯಾನಿಗೂ ತೆಗೆದುಕೊಂಡಿದ್ದಿಲ್ಲ.

"ಫೇಲು" ಎನ್ನುತ್ತಾರೆ ಕೊನೆಗೆ.

ಮೇಡಂ ಜೇಬಿನ ಚೀಟಿ ತೆಗೆದು ನೋಡಿ ಹುಬ್ಬು ಗಂಟಿಕ್ಕುತ್ತಾರೆ. "ಏನು ವಾಸನೆ ಬಂತು?"

"ಹಾಲಿಗೇನೂ ಆಗಿಲ್ಲ ಮೇಡಂ, ಬೆಣ್ಣೆಯಂಥ ಹಾಲು. ನನ್ನ ಮೂಗಿಂದ ಒಂದು ಹನಿ ಬಿತ್ತು."

ಮೊದಲು ವ್ಯಾನಿನ ಡ್ರೈವರ್ ನಗುತ್ತಾನೆ, ಅವನ ಹಿಂದೆ ಎಲ್ಲರೂ. ಹಾಲು ತಂದವರಲ್ಲಿ ನಗದೆ ನಿಂತವರು ಒಬ್ಬರೇ. ಸೈಕಲ್ ತಾತ ಜನರನ್ನು ಸರಿಸಿಕೊಂಡು ಮುಂದೆ ಬರುತ್ತಾರೆ. ಕ್ಯಾನಿನ ಕಿವಿಗೆ ಕಟ್ಟಿದ ನೀಲಿ ಹಗ್ಗವನ್ನು ಮುಟ್ಟಿ ನೋಡುತ್ತಾರೆ.

"ಅಲ್ಲಮ್ಮ, ಎರಡು ಸಲಾನೂ ನನ್ನ ಕ್ಯಾನೇ ಸಿಕ್ತಾ ನಿಂಗೆ?"

ಅಕ್ಕನ ಮುಖ ಕೆಂಪಾಗುತ್ತದೆ. ಮೇಡಂ ಮಾತ್ರ ನಗು ತಡೆದುಕೊಂಡು ಕೇಳುತ್ತಾರೆ: "ಯಾರೂ ನೋಡಿರಲಿಲ್ಲ. ಪಾಸು ಅಂದಿದ್ರೆ ಆಗ್ತಿತ್ತಲ್ಲ?"

"ಹೋದ ಸಲ ವಾಸನೆ ಬರದೆ ಸುಳ್ಳು ಹೇಳಿದ್ದೆ. ಈಗ ವಾಸನೆ ಬರ್ತಿದೆ. ಇನ್ಯಾಕೆ ಸುಳ್ಳು?"

"ಉಳಿದ ಏಳನ್ನೂ ನೋಡಿ" ಎನ್ನುತ್ತಾರೆ ಮೇಡಂ. ಅಕ್ಕ ಸೆರಗಿನಲ್ಲಿ ಮೂಗು ಒರೆಸಿ, ಈ ಸಲ ಮೊದಲು ಕಟ್ಟೆಯಿಂದಾಚೆ ಹೋಗಿ ಚೆನ್ನಾಗಿ ಬಗ್ಗಿ, ನೀರಿಳಿಸಿಕೊಂಡು ಬರುತ್ತಾರೆ. ಏಳೂ ಚೀಟಿಯ ಪ್ರಕಾರವೇ ಸರಿ. ಒಂದು ಕ್ಯಾನಿಗಂತೂ "ಹಸು ಈರುಳ್ಳಿ ಸೊಪ್ಪು ತಿಂದಿದೆ" ಎಂಬ ಹೆಚ್ಚಿನ ಸಮಾಚಾರವೂ ಸಿಗುತ್ತದೆ. ಮೇಡಂ ರಿಜಿಸ್ಟರ್ ತೆರೆದು ಮೂರನೆಯ ಕ್ಯಾನಿನ ಮುಂದೆ, ಕಾರಣ ಬರೆಯುವ ಜಾಗದಲ್ಲಿ ಪೆನ್ನು ಹಿಡಿದು ಯೋಚಿಸುತ್ತಾರೆ. ಕೊನೆಗೆ ಬರೆದದ್ದು ಇಷ್ಟು: 'ಹಾಲು ಸರಿ. ಮೂಗು ಸರಿ. ಹನಿ ಬಿದ್ದಿದೆ.' ತಪ್ಪು ಕಟ್ಟೆಯದಾದ್ದರಿಂದ ತಾತನಿಗೆ ನಷ್ಟವಿಲ್ಲ. ನಾಳೆಯಿಂದ ಮೂಗು ತೊಳೆದ ಅರ್ಧ ಗಂಟೆ ಆದಮೇಲೇ ಅಕ್ಕ ಕಟ್ಟೆ ಹತ್ತಬೇಕೆಂದು ಹೊಸ ನಿಯಮ. ಅಂದರೆ ನಾಳೆಯೂ ಕಟ್ಟೆ ಅವರದೇ. ಇದು ಅರ್ಥವಾಗಲು ಅಕ್ಕನಿಗೆ ಸ್ವಲ್ಪ ಹೊತ್ತು ಹಿಡಿಯುತ್ತದೆ.

ತಾತ ಅಷ್ಟಕ್ಕೆ ಬಿಡುವವರಲ್ಲ. ಆ ಕ್ಯಾನಿನಿಂದಲೇ ಒಂದು ಚೊಂಬು ಹಾಲು ತುಂಬಿಕೊಳ್ಳುತ್ತಾರೆ. "ಎರಡು ಸಲ ನನ್ನ ಹಾಲಿನ ಮರ್ಯಾದೆ ತೆಗೆದಿದೀಯ. ನಡಿ ನಿಮ್ಮನೆಗೆ. ಇದರಲ್ಲೇ ಟೀ ಮಾಡಿ ನನ್ನೆದುರಿಗೇ ಕುಡೀಬೇಕು."

ಹೀಗೆ ಒಂಬತ್ತು ಗಂಟೆಗೆ ಆ ಮನೆಗೆ, ಒಂದು ವಾರದ ಮೇಲೆ, ಟೀ ಕುಡಿಯುವ ಅತಿಥಿಯೊಬ್ಬರು ಬಂದಿದ್ದಾರೆ. ಅತ್ತೆಗೆ ಸಂಭ್ರಮವೋ ಸಂಭ್ರಮ. ಪಾತ್ರೆಯಲ್ಲೇ ಟೀ ಕುದಿಸಿ, ಪಾತ್ರೆಯಿಂದಲೇ ಲೋಟಕ್ಕೆ ಬಗ್ಗಿಸುತ್ತ, ಮೂಲೆಯಲ್ಲಿರುವ ಕೆಂಪು ದಾರದ ಕೆಟಲನ್ನು ಎರಡೆರಡು ಸಲ ಬೆರಳು ಮಾಡಿ ತೋರಿಸುತ್ತಾರೆ. "ನೋಡ್ಕೊಳ್ಳಿ, ಅದು ಅಲ್ಲಿದೆ. ಇದು ಇಲ್ಲಿದೆ."

ಅಕ್ಕ ಮೊದಲ ಗುಟುಕು ತಾವೇ ಕುಡಿಯುತ್ತಾರೆ. ಆಮೇಲೆ ಲೋಟ ಕೆಳಗಿಟ್ಟು ಹೇಳುತ್ತಾರೆ: "ಆವತ್ತು ನಾನು ನಿಮ್ಮ ಹಾಲು ಮೂಸಲೇ ಇಲ್ಲ ತಾತ. ನಿಮ್ಮ ಮುಖ ನೋಡಿ ಫೇಲು ಮಾಡ್ದೆ. ತಪ್ಪಾಯ್ತು."

"ಆ ಮುಖ ಕನ್ನಡೀಲಿ ನಾನೇ ನೋಡಿದ್ದೆ" ಎನ್ನುತ್ತಾರೆ ತಾತ. "ನಾನಾಗಿದ್ರೂ ಫೇಲೇ ಮಾಡ್ತಿದ್ದೆ."

ಮುಂದೆ ಏನಾಗಬೇಕು ಎಂದು ಕೇಳಿದರೆ ಅಕ್ಕನಿಗೆ ದೊಡ್ಡ ಆಸೆಗಳಿಲ್ಲ. "ಮೂಗು ಹೀಗೇ ಇರ್ಲಿ. ಮನೆಗೆ ಬಂದೋರು ಹೆದರದೆ ಒಂದು ಲೋಟ ಟೀ ಕುಡಿದು ಹೋಗ್ಲಿ. ಅಷ್ಟು ಸಾಕು."

ತಾತ ಇನ್ನೂ ಕುಡಿದಿಲ್ಲ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿ, ಕಟ್ಟೆಯ ಮೇಲೆ ಅಕ್ಕ ಮೂಸುವ ಹಾಗೆಯೇ ಮೂರು ಸಲ ಉಸಿರೆಳೆದುಕೊಳ್ಳುತ್ತಾರೆ. ಅತ್ತೆ ಸೊಸೆ ಇಬ್ಬರೂ ಉಸಿರು ಬಿಗಿಹಿಡಿದು ನೋಡುತ್ತಿದ್ದಾರೆ.

"ಪಾಸು" ಎನ್ನುತ್ತಾರೆ ತಾತ, ಟೀ ಕುಡಿಯುತ್ತಾರೆ.